ಟೇಬಲ್ ಟೆನಿಸ್ ರಬ್ಬರ್: ಹತೋಟಿಯ ಆಟಕ್ಕೆ ಹಗುರ ಹಾಳೆಯ ಆಯ್ಕೆ

ಟೇಬಲ್ ಟೆನಿಸ್ ಬ್ಯಾಟಿನ ಮರದ ಹಲಗೆಗೆ ಅಂಟಿಸುವ ಹೊದಿಕೆಗೆ ರಬ್ಬರ್ ಎಂದು ಹೆಸರು. ಹಲಗೆಯನ್ನು ಆಟಗಾರರು ಬ್ಲೇಡ್ ಎನ್ನುತ್ತಾರೆ. ಇಂದು ಹೆಚ್ಚಿನವರು ಬಳಸುವ ರಬ್ಬರಿನಲ್ಲಿ ಎರಡು ಪದರಗಳಿವೆ. ಚೆಂಡು ತಾಗುವುದು ಮೇಲ್ಪದರಕ್ಕೆ. ಅದರ ಕೆಳಗೆ ಸಣ್ಣ ಗಾಳಿಗುಳ್ಳೆಗಳು ತುಂಬಿದ ಸ್ಪಾಂಜ್ ಇರುತ್ತದೆ. ಮೇಲ್ಪದರದ ಒಂದು ಮುಖ ನುಣುಪು, ಇನ್ನೊಂದು ಮುಖದ ತುಂಬ ಸಾಲಾಗಿ ಪುಟ್ಟ ಗುಬುಟುಗಳು. ಗುಬುಟುಗಳು ಒಳಮುಖವಾಗಿ ಸ್ಪಾಂಜಿಗೆ ಅಂಟಿಕೊಂಡಿದ್ದರೆ ಅದು ನುಣುಪು ರಬ್ಬರ್, ಹೊರಮುಖವಾಗಿದ್ದರೆ ಪಿಂಪಲ್ ರಬ್ಬರ್. ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟದ ನಿಯಮದಂತೆ ಮೇಲ್ಪದರ, ಸ್ಪಾಂಜ್ ಮತ್ತು ಅಂಟು ಸೇರಿ 4 ಮಿ.ಮೀ. ದಪ್ಪವನ್ನು ಮೀರುವಂತಿಲ್ಲ. ಸ್ಪಾಂಜ್ ಇಲ್ಲದ ಪಿಂಪಲ್ ರಬ್ಬರಿಗೆ ಈ ಮಿತಿ 2 ಮಿ.ಮೀ. ಬ್ಯಾಟಿನ ಒಂದು ಬದಿ ಕಪ್ಪಾಗಿರಬೇಕು. ಇನ್ನೊಂದು ಬದಿ ಬಹುಕಾಲ ಕೆಂಪೇ ಆಗಿತ್ತು. 2021ರಿಂದ ಹಸಿರು, ನೀಲಿಯಂಥ ಬೇರೆ ಹೊಳಪಿನ ಬಣ್ಣಗಳಿಗೂ ಅನುಮತಿ ಇದೆ.

ಬ್ಯಾಟಿನ ಅಳತೆಗೆ ಕತ್ತರಿಸಿದ ಮೇಲೆ ಒಂದು ರಬ್ಬರ್ ಹಾಳೆ ಸಾಮಾನ್ಯವಾಗಿ 35ರಿಂದ 52 ಗ್ರಾಂ ತೂಗುತ್ತದೆ. 40 ಗ್ರಾಂ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ತೂಗುವುದನ್ನು ಹಗುರವೆಂದು, 47 ಗ್ರಾಂ ದಾಟಿದ್ದನ್ನು ಭಾರವೆಂದು ಕರೆಯುವ ರೂಢಿಯಿದೆ. ನಿಯಮ ಪುಸ್ತಕದಲ್ಲಿ ರಬ್ಬರಿನ ತೂಕಕ್ಕೆ ಮಿತಿಯೇ ಇಲ್ಲ. ಹೀಗಾಗಿ ಎಷ್ಟು ತೂಕದ್ದನ್ನು ಆರಿಸಬೇಕೆಂಬುದು ಆಡುವವರ ಕೈಗೆ, ಆಟಕ್ಕೆ ಮತ್ತು ಊರಿಗೆ ಬಿಟ್ಟದ್ದು. ಈ ಕೊನೆಯ ಸಂಗತಿ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂಥ ಬಯಲುಸೀಮೆಯ ಊರುಗಳಲ್ಲಿ ಹೆಚ್ಚು ಲೆಕ್ಕಕ್ಕೆ ಬರುತ್ತದೆ.

ರಬ್ಬರ್ ಬಂದದ್ದು ಆಟ ಹುಟ್ಟಿದ ಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ಆಡುತ್ತಿದ್ದವರ ಕೈಯಲ್ಲಿ ಬರಿಯ ಮರದ ಹಲಗೆ ಅಥವಾ ಚರ್ಮ ಬಿಗಿದ ಪುಟ್ಟ ಬ್ಯಾಟುಗಳಿದ್ದವು. ಗುಬುಟಿನ ರಬ್ಬರ್ ಹಾಳೆಯನ್ನು ಮರಕ್ಕೆ ಅಂಟಿಸುವ ಯೋಚನೆ 1902ರ ಸುಮಾರಿಗೆ ಇ. ಸಿ. ಗುಡ್ ಎಂಬವನಿಗೆ ಔಷಧದ ಅಂಗಡಿಯ ಕಟ್ಟೆಯ ಮೇಲಿದ್ದ ರಬ್ಬರ್ ಚಾಪೆಯನ್ನು ನೋಡಿ ಹೊಳೆಯಿತೆಂದು ಹೇಳುತ್ತಾರೆ. ಮುಂದೆ ಸುಮಾರು ಐವತ್ತು ವರ್ಷ ಈ ತೆಳು ಪಿಂಪಲ್ ಹೊದಿಕೆಯದೇ ರಾಜ್ಯ. ಅದರಲ್ಲಿ ವೇಗ ಕಡಿಮೆ, ಚೆಂಡಿಗೆ ಸಿಗುವ ತಿರುಗೂ (ಸ್ಪಿನ್) ಕಡಿಮೆ. ಹತೋಟಿ ಮಾತ್ರ ಬೇಕಾದಷ್ಟು. ಒಂದೇ ಅಂಕಕ್ಕಾಗಿ ಚೆಂಡು ಲೆಕ್ಕವಿಲ್ಲದಷ್ಟು ಸಲ ಆಚೀಚೆ ಹೋಗಿಬರುತ್ತಿದ್ದ ಕಾಲ ಅದು.

ಆ ಕಾಲ ಕೊನೆಗೊಂಡದ್ದು ಭಾರತದಲ್ಲಿ. 1952ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಮೊದಲ ಬಾರಿಗೆ ಏಷ್ಯಾದಲ್ಲಿ, ಮುಂಬಯಿಯಲ್ಲಿ ನಡೆಯಿತು. ಜಪಾನಿನ ಹಿರೋಜಿ ಸಾತೋ ದಪ್ಪ ಸ್ಪಾಂಜ್ ಅಂಟಿಸಿದ ಬ್ಯಾಟ್ ಹಿಡಿದು ಬಂದ. ಮರದ ಮೇಲಿನ ತೆಳು ರಬ್ಬರಿಗೆ ಚೆಂಡು ತಾಗಿದಾಗ ಏಳುವ ಟಕ್ ಎಂಬ ಸದ್ದಿನಿಂದಲೇ ಎದುರಾಳಿಗಳು ಹೊಡೆತದ ಬಲವನ್ನು ಅಂದಾಜು ಮಾಡುತ್ತಿದ್ದರು. ಸಾತೋನ ಬ್ಯಾಟಿನಿಂದ ಸದ್ದೇ ಬರಲಿಲ್ಲ. ಚೆಂಡು ಮಾತ್ರ ಎಣಿಸಿದ್ದಕ್ಕಿಂತ ಬೇಗ ಬಂತು. ಫೈನಲ್ಲಿನಲ್ಲಿ ಹಂಗೇರಿಯ ಯೋಜೆಫ್ ಕೋಚಿಯಾನ್‌ನನ್ನು ಮಣಿಸಿ ಅವನು ಪ್ರಶಸ್ತಿ ಗೆದ್ದ. ಆ ಪಂದ್ಯಕ್ಕೂ ಬಾಗಲಕೋಟೆಯ ಈ ಸೀಮೆಗೂ ಒಂದು ನಂಟಿದೆ. ಪಟವರ್ಧನರ ಜಮಖಂಡಿ ಮತ್ತು ಘೋರ್ಪಡೆಯವರ ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿದ್ದವು. ಹೀಗೆ 1952ರಲ್ಲಿ ಈ ಸೀಮೆಯೆಲ್ಲ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಆಟದ ಇತಿಹಾಸ ಹೊರಳಿದ ಆ ಪಂದ್ಯ ನಡೆದದ್ದು ಈ ಊರುಗಳ ಅಂದಿನ ರಾಜಧಾನಿಯಲ್ಲೇ ಎಂಬುದು ನೆನಪಿಡಬೇಕಾದ ಸಂಗತಿ.

ಸ್ಪಾಂಜನ್ನು ನಿಷೇಧಿಸಬೇಕೇ ಬಿಡಬೇಕೇ ಎಂಬ ವಾದ ಏಳು ವರ್ಷ ನಡೆಯಿತು. 1959ರಲ್ಲಿ ಒಕ್ಕೂಟವು ಬರಿಯ ಸ್ಪಾಂಜನ್ನು ಕೈಬಿಟ್ಟು, ಮೇಲೆ ರಬ್ಬರ್ ಪದರವಿರುವ ಹೊದಿಕೆಯನ್ನು ದಪ್ಪದ ಮಿತಿಯೊಂದಿಗೆ ಒಪ್ಪಿತು. ಜಪಾನಿನ ಬಟರ್‌ಫ್ಲೈ ಕಂಪನಿಯ ಸ್ರೈವರ್ 1967ರಲ್ಲಿ, ಯಾಸಾಕಾ ಕಂಪನಿಯ ಮಾರ್ಕ್ ಫೈವ್ 1969ರಲ್ಲಿ ಬಂದವು. ಹತೋಟಿಯ ರಬ್ಬರ್ ಎಂದಾಗ ಹಳೆಯ ಆಟಗಾರರ ಬಾಯಲ್ಲಿ ಇಂದಿಗೂ ಮೊದಲು ಬರುವ ಹೆಸರುಗಳಿವು. 1970ರ ದಶಕದಲ್ಲಿ ಯುರೋಪಿನ ಆಟಗಾರರು ಸೈಕಲ್ ಟ್ಯೂಬಿನ ಪಂಕ್ಚರ್ ತಿದ್ದುವ ಸಲ್ಯೂಷನ್ ಹಚ್ಚಿ ಸ್ಪಾಂಜನ್ನು ಉಬ್ಬಿಸುವ ಉಪಾಯ ಕಂಡುಕೊಂಡರು. ಆವಿಯಾಗುವ ದ್ರಾವಕ ಸ್ಪಾಂಜಿನೊಳಗೆ ಇಳಿದು ಅದನ್ನು ಬಿಗಿ ಮಾಡುತ್ತಿತ್ತು, ಚೆಂಡು ಚಿಮ್ಮುತ್ತಿತ್ತು. ಆರೋಗ್ಯಕ್ಕೆ ಕೆಡಕೆಂಬ ಕಾರಣಕ್ಕೆ ಇಂಥ ಅಂಟನ್ನು 2008ರ ಸೆಪ್ಟೆಂಬರಿನಲ್ಲಿ ನಿಷೇಧಿಸಲಾಯಿತು. ಆ ಚಿಮ್ಮುವಿಕೆಯನ್ನು ಕಾರ್ಖಾನೆಯಲ್ಲೇ ತುಂಬಿಕೊಡುವ ರಬ್ಬರುಗಳು ಪೇಟೆ ತುಂಬಿದವು. 2000ದಲ್ಲಿ ಚೆಂಡಿನ ವ್ಯಾಸ 38ರಿಂದ 40 ಮಿ.ಮೀ.ಗೆ ಏರಿತ್ತು, 2014ರಲ್ಲಿ ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಂತು. ಎರಡರಿಂದಲೂ ಚೆಂಡಿನ ತಿರುಗು ತಗ್ಗಿತು. ಕಳೆದುಕೊಂಡದ್ದನ್ನು ಮರಳಿ ಪಡೆಯಲು ತಯಾರಕರು ಗಟ್ಟಿಯಾದ, ಒತ್ತಾದ ಸ್ಪಾಂಜಿನ ಕಡೆ ಹೊರಳಿದರು. ಇದರಿಂದ ಮೇಲ್ಮಟ್ಟದ ಆಟಗಾರರ ಬ್ಯಾಟುಗಳು ಸಾಮಾನ್ಯವಾಗಿ ಭಾರವಾದವು. ಅವರು ಬಳಸುವುದನ್ನೇ ಕಲಿಯುವವರೂ ಕೊಳ್ಳತೊಡಗಿದ್ದು ಕಲಿಕೆಗೆ ಆದ ದೊಡ್ಡ ನಷ್ಟ.

ರಬ್ಬರಿನ ಭಾರ ಎಲ್ಲಿ ಕೂತಿದೆ ಎಂಬುದನ್ನು ಮೊದಲು ತಿಳಿಯಬೇಕು. ಮೇಲ್ಪದರ ಗಟ್ಟಿ ರಬ್ಬರ್. ಸ್ವಾಭಾವಿಕ ಮತ್ತು ಕೃತಕ ರಬ್ಬರುಗಳಿಗೆ ಬಣ್ಣ, ಗಂಧಕ ಮತ್ತಿತರ ಪುಡಿಗಳನ್ನು ಬೆರೆಸಿ ಮಾಡಿದ್ದು. ಸ್ಪಾಂಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯೇ ಇರುವುದರಿಂದ ಅದೇ ದಪ್ಪದ ಮೇಲ್ಪದರಕ್ಕಿಂತ ಅದು ಬಹಳ ಹಗುರ. ಹೀಗಾಗಿ ದಪ್ಪ ಕಡಿಮೆಯಿದ್ದರೂ ಹಾಳೆಯ ತೂಕದ ದೊಡ್ಡ ಪಾಲು ಮೇಲ್ಪದರದ್ದೇ. ಗುಬುಟುಗಳು ದಪ್ಪವಾಗಿ ಒತ್ತೊತ್ತಾಗಿದ್ದರೆ ಆ ತೂಕ ಏರುತ್ತದೆ, ಸಣ್ಣದಾಗಿ ವಿರಳವಾಗಿದ್ದರೆ ಇಳಿಯುತ್ತದೆ.

ಸ್ಪಾಂಜಿನ ಲೆಕ್ಕ ಸರಳ. ಸುಮಾರು 15.7 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ಬ್ಯಾಟಿನ ತಲೆಯ ಮೇಲೆ ಹಾಳೆ ಹರಡಿಕೊಳ್ಳುವ ಜಾಗ 200 ಚದರ ಸೆಂ.ಮೀ.ಗೆ ತುಸು ಕಡಿಮೆ. ಅಷ್ಟು ಜಾಗದಲ್ಲಿ ಸ್ಪಾಂಜಿನ ದಪ್ಪ 0.1 ಮಿ.ಮೀ. ಕಡಿಮೆಯಾದರೆ ತೂಕ ಸುಮಾರು 1 ಗ್ರಾಂ ಇಳಿಯುತ್ತದೆ. 2.1 ಮಿ.ಮೀ. ಸ್ಪಾಂಜಿನ ಬದಲು ಅದೇ ರಬ್ಬರಿನ 1.5 ಮಿ.ಮೀ. ಹಾಳೆಯನ್ನು ಎರಡೂ ಬದಿಗೆ ಹಾಕಿದರೆ ಬ್ಯಾಟ್ 10ರಿಂದ 12 ಗ್ರಾಂ ಹಗುರವಾಗುತ್ತದೆ. ಕಂಪನಿ, ಹೆಸರು, ಬೆಲೆ ಯಾವುದನ್ನೂ ಬದಲಿಸದೆ ಸಿಗುವ ಉಳಿತಾಯವಿದು. ಮಾರುಕಟ್ಟೆಯಲ್ಲಿ 1.3, 1.5, 1.8, 2.0, 2.1 ಮಿ.ಮೀ. ದಪ್ಪಗಳು ಸಿಗುತ್ತವೆ, ಎಲ್ಲಕ್ಕಿಂತ ದಪ್ಪದ್ದನ್ನು ಮ್ಯಾಕ್ಸ್ ಎಂದು ಮುದ್ರಿಸಿರುತ್ತಾರೆ.

ಹತ್ತು ಗ್ರಾಂ ಎಂದರೆ ಎರಡು ಚಮಚ ನೀರಿನ ತೂಕ. ಅದರಿಂದೇನು ಎಂದು ತೋರಬಹುದು. ತೂಕ ಇರುವ ಜಾಗದಲ್ಲಿದೆ ಉತ್ತರ. ಕೊಡಲಿಯನ್ನು ಕಾವಿನ ತುದಿಯಲ್ಲಿ ಹಿಡಿದು ಬೀಸಿದಾಗ ಇರುವ ಭಾರ, ತಲೆಯ ಹತ್ತಿರ ಹಿಡಿದು ಬೀಸಿದಾಗ ಇರುವುದಿಲ್ಲ. ಬೀಸುವ ಕೈಗೆ ತಗಲುವ ಭಾರ ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಬ್ಯಾಟಿನ ಹಿಡಿಕೆಯ ತುದಿಯಿಂದ ಅಳೆದರೆ ರಬ್ಬರಿನ ನಡುವು ಸುಮಾರು 18 ಸೆಂ.ಮೀ. ದೂರದಲ್ಲಿದೆ, ಹಿಡಿಕೆಯ ನಡುವು 5 ಸೆಂ.ಮೀ. ದೂರದಲ್ಲಿ. ಅಂದರೆ ರಬ್ಬರಿಗೆ ಸೇರಿದ 10 ಗ್ರಾಂ, ಹಿಡಿಕೆಗೆ ಸೇರಿದ 10 ಗ್ರಾಂಗಿಂತ ಸುಮಾರು ಹದಿಮೂರು ಪಟ್ಟು ಹೆಚ್ಚಾಗಿ ಬ್ಯಾಟಿನ ತಿರುಗುವಿಕೆಯನ್ನು ತಡೆಯುತ್ತದೆ. ಒಟ್ಟು ತೂಕ ಒಂದೇ ಇರುವ ಎರಡು ಬ್ಯಾಟುಗಳಲ್ಲಿ ಒಂದು ಮಣಿಕಟ್ಟಿಗೆ ಸಲೀಸಾಗಿ, ಇನ್ನೊಂದು ತಲೆಭಾರವಾಗಿ ಇರುವುದು ಇದೇ ಕಾರಣಕ್ಕೆ. ಹಗುರ ಬೇಕೆಂದು ಬ್ಲೇಡಿನ ಹಿಡಿಕೆ ಕೊರೆಸುವವರಿದ್ದಾರೆ. ಅದರಿಂದ ತಲೆಭಾರ ಹೆಚ್ಚುತ್ತದೆಯೇ ಹೊರತು ಬೀಸಲು ಸುಲಭವಾಗುವುದಿಲ್ಲ.

ಹತೋಟಿ ಎಂಬ ಮಾತಿಗೆ ಆಟದಲ್ಲಿ ಖಚಿತ ಅರ್ಥವಿದೆ: ಆಟಗಾರ ಬಯಸಿದ ಕಡೆ, ಬಯಸಿದ ಎತ್ತರದಲ್ಲಿ, ಬಯಸಿದ ವೇಗದಲ್ಲಿ ಚೆಂಡು ಮತ್ತೆ ಮತ್ತೆ ಹೋಗುವುದು. ಮೇಜಿನ ಉದ್ದ 2.74 ಮೀಟರ್, ಬಲೆಯ ಎತ್ತರ 15.25 ಸೆಂ.ಮೀ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬರುವ ಚೆಂಡು ಈ ಉದ್ದವನ್ನು ಕಾಲು ಸೆಕೆಂಡಿಗೆ ತುಸು ಹೆಚ್ಚು ಹೊತ್ತಿನಲ್ಲಿ ದಾಟುತ್ತದೆ. ಬ್ಯಾಟಿನಿಂದ ಹೊರಡುವ ಚೆಂಡಿನ ದಿಕ್ಕು ಒಂದೇ ಡಿಗ್ರಿ ತಪ್ಪಿದರೂ ಮೇಜಿನ ಆ ತುದಿಯಲ್ಲಿ ಸುಮಾರು 5 ಸೆಂ.ಮೀ. ವ್ಯತ್ಯಾಸವಾಗುತ್ತದೆ. ಬ್ಯಾಟನ್ನು ಸರಿಯಾದ ಕೋನಕ್ಕೆ ತಂದು ನಿಲ್ಲಿಸಲು ಕೈಗೆ ಇರುವ ಸಮಯ ಅಷ್ಟೇ, ತಪ್ಪಲು ಇರುವ ಅವಕಾಶವೂ ಅಷ್ಟೇ. ತಲೆ ಹಗುರವಾದ ಬ್ಯಾಟ್ ಬೇಗ ಹೊರಡುತ್ತದೆ, ಬೇಗ ನಿಲ್ಲುತ್ತದೆ; ಹಗುರ ರಬ್ಬರಿನಿಂದ ಹತೋಟಿಗೆ ಸಿಗುವ ಮೊದಲ ನೆರವು ಇದು.

ಇದಲ್ಲದೆ ರಬ್ಬರಿನ ಸ್ವಭಾವದಲ್ಲೇ ಹತೋಟಿಗೆ ಸೇರಿದ ಗುಣಗಳಿವೆ. ಒಂದು, ಚೆಂಡು ಎಷ್ಟು ಚಿಮ್ಮುತ್ತದೆ ಎಂಬುದು. ಮೆಲ್ಲಗೆ ತಾಗಿಸಿದರೂ ಚಿಮ್ಮುವ ರಬ್ಬರಿನಲ್ಲಿ ಬಲೆಯ ಹತ್ತಿರ ಚೆಂಡನ್ನು ಮೆಲ್ಲಗೆ ತಳ್ಳುವ ಪುಶ್, ಸರ್ವಿಸಿಗೆ ಕೊಡುವ ಉತ್ತರ ಎರಡೂ ಉದ್ದವಾಗಿ ಹೋಗಿ ಎದುರಾಳಿಗೆ ಹೊಡೆತಕ್ಕೆ ಸಿಗುತ್ತವೆ. ಇನ್ನೊಂದು, ಎದುರಿನಿಂದ ಬರುವ ತಿರುಗಿಗೆ ರಬ್ಬರ್ ಎಷ್ಟು ಬೇಗ ಓಗೊಡುತ್ತದೆ ಎಂಬುದು. ಬಿಗಿಯಾಗಿ ಹಿಡಿಯುವ ಮೇಲ್ಪದರ ತನ್ನ ತಿರುಗನ್ನು ಚೆಂಡಿಗೆ ಧಾರಾಳವಾಗಿ ಕೊಡುತ್ತದೆ, ಎದುರಾಳಿಯ ತಿರುಗನ್ನೂ ಹಾಗೆಯೇ ತುಂಬಿಕೊಳ್ಳುತ್ತದೆ. ಸರ್ವಿಸನ್ನು ಓದುವುದು ತಪ್ಪಿದರೆ ಚೆಂಡು ಬಲೆಗೆ ಅಥವಾ ಮೇಲಕ್ಕೆ. ಮಧ್ಯಮ ಹಿಡಿತದ ರಬ್ಬರ್ ಇಂಥ ತಪ್ಪನ್ನು ಸ್ವಲ್ಪ ಮಟ್ಟಿಗೆ ನುಂಗಿಕೊಳ್ಳುತ್ತದೆ. ಮೂರನೆಯದು ಕ್ರಮಬದ್ಧತೆ: ಹೊಡೆತದ ಬಲ ಎರಡರಷ್ಟಾದಾಗ ವೇಗವೂ ಅದೇ ಅಳತೆಯಲ್ಲಿ ಏರಬೇಕು. ಮೆಲ್ಲಗೆ ಆಡಿದಾಗ ಸಪ್ಪೆ, ಒಂದು ಹಂತ ದಾಟಿದ ಕೂಡಲೇ ಸಿಡಿಯುವ ರಬ್ಬರಿನಲ್ಲಿ ಕೈ ಯಾವ ಅಂದಾಜನ್ನೂ ಕಟ್ಟಿಕೊಳ್ಳಲಾರದು. ಪ್ಯಾಕೆಟ್ಟಿನ ಮೇಲೆ ವೇಗ, ಸ್ಪಿನ್, ಕಂಟ್ರೋಲ್ ಎಂದು ಅಚ್ಚಾದ ಅಂಕಿಗಳಿಗೆ ಒಂದೇ ಅಳತೆಗೋಲು ಇಲ್ಲ. ಪ್ರತಿ ಕಂಪನಿ ತನ್ನದೇ ಲೆಕ್ಕ ಹಾಕುತ್ತದೆ. ಒಂದೇ ಕಂಪನಿಯ ಎರಡು ರಬ್ಬರುಗಳನ್ನು ಹೋಲಿಸಲು ಮಾತ್ರ ಆ ಅಂಕಿಗಳು ಬಂದಾವು.

ಹಗುರವಾದದ್ದೆಲ್ಲ ಹತೋಟಿಯದ್ದು ಎಂದುಕೊಳ್ಳುವುದು ಆಯ್ಕೆಯಲ್ಲಿ ಕಾಣುವ ಸಾಮಾನ್ಯ ತಪ್ಪು. ಹಾಳೆ ಹಗುರವಾಗುವುದು ಎರಡು ದಾರಿಯಲ್ಲಿ. ಸ್ಪಾಂಜ್ ತೆಳುವಾದರೆ ಚೆಂಡು ಬೇಗ ಮರದ ಗಟ್ಟಿತನವನ್ನು ಮುಟ್ಟುತ್ತದೆ, ಚಿಮ್ಮು ತಗ್ಗುತ್ತದೆ, ಕೈಗೆ ತಿಳಿವು ಸ್ಪಷ್ಟವಾಗುತ್ತದೆ. ಹಗುರ ಮತ್ತು ಹತೋಟಿ ಇಲ್ಲಿ ಜೊತೆಯಾಗಿ ಬರುತ್ತವೆ. ದಪ್ಪ ಹಾಗೆಯೇ ಇಟ್ಟು ಗಾಳಿಗುಳ್ಳೆಗಳನ್ನು ದೊಡ್ಡದು ಮಾಡಿ, ಒಳಗೆ ಬಿಗಿ ತುಂಬಿದ ಮೆದು ಸ್ಪಾಂಜಿನಿಂದಲೂ ತೂಕ ಇಳಿಸಬಹುದು. ಇದು ಕೈಗೆ ಹಿತ, ತೂಕವೂ ಕಡಿಮೆ. ಆದರೆ ಮೆಲ್ಲಗೆ ತಾಗಿದ ಚೆಂಡನ್ನೂ ಕವಣೆಯಂತೆ ಎಸೆಯುತ್ತದೆ. ಜೋರಾಗಿ ಹೊಡೆದಾಗ ಪೂರ್ತಿ ಅಮುಕಿಹೋಗಿ, ಮುಂದೆ ಕೊಡಲು ಏನೂ ಉಳಿಯದೆ ಚೆಂಡು ನೇರ ಮರಕ್ಕೆ ಬಡಿದಂತಾಗುತ್ತದೆ. ಇದಕ್ಕೆ ತಿರುಗುಮುರುಗಾಗಿ ಚೀನಾದ ಜಿಗುಟು ರಬ್ಬರುಗಳು ಭಾರವಾಗಿದ್ದರೂ ಬಲೆಯ ಹತ್ತಿರದ ಸೂಕ್ಷ್ಮ ಆಟದಲ್ಲಿ ಚೆಂಡನ್ನು ಹೇಳಿದಂತೆ ಕೇಳಿಸುತ್ತವೆ. ದೂರದಿಂದ ಆಡುವಾಗ ತೋಳಿನ ಬಲ ಮಾತ್ರ ಹೆಚ್ಚು ಬೇಕು. ಆದ್ದರಿಂದ ತೂಕದ ಅಂಕಿಯೊಂದನ್ನೇ ನೋಡದೆ, ಅದು ಹೇಗೆ ಇಳಿದಿದೆ ಎಂದು ಕೇಳಬೇಕು. ಸ್ಪಾಂಜಿನ ಗಟ್ಟಿತನವನ್ನು ಡಿಗ್ರಿಯಲ್ಲಿ ಹೇಳುವ ಅಂಕಿಗಳನ್ನೂ ಎಚ್ಚರದಿಂದ ಓದಬೇಕು. ಜರ್ಮನಿ, ಜಪಾನ್, ಚೀನಾಗಳ ಮಾಪಕಗಳು ಬೇರೆ ಬೇರೆ. ಜಪಾನಿನ 36 ಡಿಗ್ರಿ ಜರ್ಮನಿಯ ಲೆಕ್ಕದಲ್ಲಿ 40ನ್ನು ಸಾಕಷ್ಟು ದಾಟುತ್ತದೆ.

ಪಿಂಪಲ್ ರಬ್ಬರುಗಳಲ್ಲಿ ತೂಕ ಇನ್ನೂ ಕೆಳಗಿಳಿಯುತ್ತದೆ. ಗಿಡ್ಡ ಪಿಂಪಲಿನಲ್ಲಿ ಚೆಂಡಿಗೆ ತಾಗುವ ರಬ್ಬರ್ ಕಡಿಮೆ, ಹೀಗಾಗಿ ತಿರುಗಿನ ಪರಿಣಾಮವೂ ಕಡಿಮೆ. ಮೇಜಿನ ಹತ್ತಿರ ನಿಂತು ಎದುರಾಳಿಯ ಹೊಡೆತವನ್ನು ತಡೆದು ಬ್ಲಾಕ್ ಮಾಡುವವರಿಗೆ, ಚಪ್ಪಟೆಯಾಗಿ ಹೊಡೆಯುವವರಿಗೆ ಇದು ಒದಗುತ್ತದೆ. ಉದ್ದ ಪಿಂಪಲಿನ ಗುಬುಟುಗಳು ಚೆಂಡು ತಾಗಿದಾಗ ಬಾಗುತ್ತವೆ, ಎದುರಾಳಿಯ ತಿರುಗನ್ನು ಅವನಿಗೇ ಮರಳಿಸುತ್ತವೆ. ಸ್ಪಾಂಜ್ ಇಲ್ಲದ ಉದ್ದ ಪಿಂಪಲ್ ಹಾಳೆ ಕತ್ತರಿಸಿದ ಮೇಲೆ 30 ಗ್ರಾಂಗಿಂತ ಕಡಿಮೆ ತೂಗುವುದುಂಟು. ಆಂಟಿ-ಸ್ಪಿನ್ ಎಂಬ ಇನ್ನೊಂದು ಬಗೆ ನೋಡಲು ನುಣುಪು ರಬ್ಬರಿನಂತೆಯೇ ಇದ್ದರೂ ಮೇಲ್ಮೈ ಜಾರುತ್ತದೆ; ತೂಕದಲ್ಲಿ ಇದು ಅಷ್ಟೇನೂ ಹಗುರವಲ್ಲ. 2018ರಲ್ಲಿ ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಹಿಳೆಯರ ಸಿಂಗಲ್ಸ್ ಚಿನ್ನ ಗೆದ್ದ ಭಾರತದ ಮನಿಕಾ ಬಾತ್ರಾ ಅವರ ಬ್ಯಾಕ್‌ಹ್ಯಾಂಡ್ ಬದಿಗೆ ಉದ್ದ ಪಿಂಪಲ್ ಇತ್ತು. 2024ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಬೂಸಾನಿನಲ್ಲಿ ನಡೆದ ವಿಶ್ವ ತಂಡ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಐಹಿಕಾ ಮುಖರ್ಜಿ ಆಂಟಿ-ಸ್ಪಿನ್ ರಬ್ಬರ್ ಹಿಡಿದು ಆಗ ವಿಶ್ವದ ಮೊದಲ ಸ್ಥಾನದಲ್ಲಿದ್ದ ಚೀನಾದ ಸುನ್ ಯಿಂಗ್‌ಶಾ ಅವರನ್ನು ಸೋಲಿಸಿದರು. ಆದರೂ ತಂಡಗಳ ಹಣಾಹಣಿಯನ್ನು ಭಾರತ 2-3ರಿಂದ ಚೀನಾಕ್ಕೆ ಬಿಟ್ಟುಕೊಟ್ಟಿತು. ವೇಗವೇ ಎಲ್ಲ ಎಂಬ ಕಾಲದಲ್ಲಿ ನಿಧಾನದ ರಬ್ಬರಿಗೂ ಗೆಲ್ಲುವ ಶಕ್ತಿಯಿದೆ ಎಂಬುದಕ್ಕೆ ಇವು ಗಟ್ಟಿ ಸಾಕ್ಷಿ. ಆದರೂ ಮೊದಲ ಬ್ಯಾಟಿಗೆ ಉದ್ದ ಪಿಂಪಲ್, ಆಂಟಿ-ಸ್ಪಿನ್ ಎರಡೂ ಸಲ್ಲವು. ಚೆಂಡಿಗೆ ತಾನಾಗಿ ತಿರುಗು ಕೊಡುವುದನ್ನು ಕೈ ಕಲಿಯುವ ಮುನ್ನವೇ ಅವು ಆ ಕಲಿಕೆಯನ್ನು ಅನಗತ್ಯವೆನಿಸಿಬಿಡುತ್ತವೆ.

ಊರಿನ ಹವೆಯೂ ರಬ್ಬರಿನ ನಡತೆಯನ್ನು ಬದಲಿಸುತ್ತದೆ. ಜಮಖಂಡಿ-ಮುಧೋಳದ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಮುಟ್ಟುವುದುಂಟು. ಬಿಸಿಗೆ ಸ್ಪಾಂಜ್ ಮೆದುವಾಗಿ ಚೆಂಡು ಹೆಚ್ಚು ಚಿಮ್ಮುತ್ತದೆ. ಜನವರಿಯ ಬೆಳಗ್ಗೆ ಅಳತೆಯಲ್ಲಿದ್ದ ಬ್ಯಾಟ್ ಮೇ ತಿಂಗಳ ಮಧ್ಯಾಹ್ನ ಕೈಮೀರುತ್ತದೆ. ಹವಾನಿಯಂತ್ರಿತ ಸಭಾಂಗಣದಲ್ಲಿ ಆಡುವವರಿಗೆ ಅಂಗಡಿಯವರು ಹೇಳುವ ದಪ್ಪಕ್ಕಿಂತ ಒಂದು ಅಳತೆ ಕಡಿಮೆ ದಪ್ಪದ ಸ್ಪಾಂಜನ್ನು ಇಲ್ಲಿ ಆರಿಸುವುದು ಲೇಸು. ಅಲ್ಲಿ 1.8 ಸರಿಯೆನಿಸಿದರೆ ಇಲ್ಲಿ 1.5. ಸೆಕೆಗೆ ಫ್ಯಾನ್ ಹಾಕಿದರೆ 2.7 ಗ್ರಾಂ ತೂಕದ ಚೆಂಡು ಗಾಳಿಗೆ ಓಲಾಡುತ್ತದೆ. ಫ್ಯಾನ್ ನಿಲ್ಲಿಸಿ ಆಡಿದರೆ ಅಂಗೈ ಬೆವರಿ ಹಿಡಿತ ಜಾರುತ್ತದೆ, ತಲೆಭಾರದ ಬ್ಯಾಟ್ ಅರ್ಧ ತಾಸಿನಲ್ಲೇ ಮಣಿಕಟ್ಟನ್ನು ದಣಿಸುತ್ತದೆ. ಹಗುರ ಹಾಳೆಯ ಬೆಲೆ ತಿಳಿಯುವುದು ಆಗಲೇ.

ಇನ್ನೊಂದು ಸಂಗತಿ ದೂಳು. ಕೃಷ್ಣೆ ಮತ್ತು ಘಟಪ್ರಭೆಯ ನೀರಿನಿಂದ ಈ ಸೀಮೆ ಕಬ್ಬಿನ ನಾಡಾಗಿದೆ. ಕಟಾವಿನ ನಂತರ ಉಳಿದ ಒಣ ಎಲೆಗೆ, ಅಂದರೆ ರವದಿಗೆ, ಬೆಂಕಿ ಹಚ್ಚಿದ ದಿನಗಳಲ್ಲಿ ಕರಿ ಬೂದಿ ತೇಲಿ ಬಂದು ಕಿಟಕಿ ತೆರೆದ ಕೋಣೆಗಳಲ್ಲಿ ಕೂರುತ್ತದೆ. ರಬಕವಿ-ಬನಹಟ್ಟಿ ನೇಕಾರರ ಊರು; ಮಗ್ಗ ನಡೆಯುವ ಕಡೆ ನೂಲಿನ ಸಣ್ಣ ಎಳೆ ಗಾಳಿಯಲ್ಲಿದ್ದೇ ಇರುತ್ತದೆ. ಜಿಗುಟು ಮೇಲ್ಮೈಯ ರಬ್ಬರ್ ಇವೆಲ್ಲವನ್ನೂ ಎಳೆದುಕೊಂಡು, ನಡುನಡುವೆ ಒರೆಸದಿದ್ದರೆ ಎಲ್ಲಿ ಹಿಡಿಯುತ್ತದೆ, ಎಲ್ಲಿ ಜಾರುತ್ತದೆ ಎಂದು ಹೇಳಲಾಗದಂತೆ ಆಗುತ್ತದೆ. ಹತೋಟಿ ಕೆಡಲು ಇಷ್ಟು ಸಾಕು. ಜಿಗುಟಿಲ್ಲದ, ಹಿಡಿತವಿರುವ ಮೇಲ್ಮೈ ಇಂಥ ಕಡೆ ಹೆಚ್ಚು ನಂಬಿಕೆಯದು. ಮಳೆಗಾಲದಲ್ಲಿ ತೇವ ಹೆಚ್ಚಿ, ರಬ್ಬರಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂತು ಚೆಂಡು ಜಾರುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹತ್ತಿರದ ಬೀಳಗಿ ಸೀಮೆಯವರೂ ಆ ದಿನಗಳಲ್ಲಿ ಒಣ ಬಟ್ಟೆಯೊಂದನ್ನು ಮೇಜಿನ ಬದಿಗೆ ಇಟ್ಟುಕೊಳ್ಳಬೇಕು.

ಆಯ್ಕೆಯಲ್ಲಿ ಆಡುವವರ ವಯಸ್ಸು ಮತ್ತು ಆಟದ ಬಗೆ ಎರಡನ್ನೂ ನೋಡಬೇಕು. ಹತ್ತು-ಹನ್ನೆರಡರ ಹುಡುಗ ಹುಡುಗಿಯರಿಗೆ 80ರಿಂದ 85 ಗ್ರಾಂ ತೂಕದ, ಐದು ಪದರದ ಬರಿಯ ಮರದ ಬ್ಲೇಡ್, ಎರಡೂ ಬದಿಗೆ 1.5 ಮಿ.ಮೀ. ಸ್ಪಾಂಜಿನ ಮಧ್ಯಮ ಮೆದು ನುಣುಪು ರಬ್ಬರ್ ಹೊಂದುತ್ತದೆ. ಬ್ಯಾಟಿನ ಒಟ್ಟು ತೂಕ 160ರಿಂದ 170 ಗ್ರಾಂ ಒಳಗೆ ನಿಲ್ಲುತ್ತದೆ. ಇದಕ್ಕಿಂತ ಭಾರವಾದರೆ ಮಗು ಮಣಿಕಟ್ಟನ್ನು ಬಿಟ್ಟು ಭುಜದಿಂದ ಬೀಸಲು ಕಲಿಯುತ್ತದೆ. ಒಮ್ಮೆ ಕೂತ ಆ ಅಭ್ಯಾಸವನ್ನು ಬಿಡಿಸುವುದು ತರಬೇತುದಾರರಿಗೆ ಬಹಳ ಕಷ್ಟ. ಶಾಲಾ ಕ್ರೀಡಾಕೂಟಗಳಿಗೆ ಸಿದ್ಧರಾಗುವ, ಟಾಪ್‌ಸ್ಪಿನ್ ಬರುತ್ತಿರುವ ಆಟಗಾರರು ಫೋರ್‌ಹ್ಯಾಂಡಿಗೆ 1.8, ಬ್ಯಾಕ್‌ಹ್ಯಾಂಡಿಗೆ 1.5 ಎಂದು ಬೇರೆ ಬೇರೆ ಮಾಡಿಕೊಳ್ಳಬಹುದು. ಬ್ಯಾಕ್‌ಹ್ಯಾಂಡ್ ಹೊಡೆತದಲ್ಲಿ ಬೀಸಲು ಜಾಗ ಕಡಿಮೆ, ಮಣಿಕಟ್ಟಿನ ಕೆಲಸ ಹೆಚ್ಚು. ಹಗುರ ಹಾಳೆಯ ಲಾಭ ಆ ಬದಿಗೆ ಜಾಸ್ತಿ.

ಮೇಜಿನಿಂದ ಹಿಂದೆ ಸರಿದು ಚೆಂಡನ್ನು ಕೊಚ್ಚಿದಂತೆ ಕೆಳಗೆಳೆದು ಚಾಪ್ ಮಾಡುವವರಿಗೆ ತಲೆ ತುಸು ಭಾರವಿದ್ದರೂ ನಡೆಯುತ್ತದೆ, ಅವರ ಬೀಸು ಉದ್ದ ಮತ್ತು ನಿಧಾನ. ಮೇಜಿಗೆ ಅಂಟಿಕೊಂಡು ಬ್ಲಾಕ್ ಮಾಡುವವರಿಗೆ ಹಾಗಲ್ಲ, ಅವರಿಗೆ ಒಂದೊಂದು ಗ್ರಾಮೂ ಮುಖ್ಯ. ನಡುವಯಸ್ಸು ದಾಟಿ ಸಂಜೆ ಕಚೇರಿ ಮುಗಿಸಿ ಬಂದು ಆಡುವವರಲ್ಲಿ ಮೊಣಕೈ, ಭುಜದ ನೋವು ಸಾಮಾನ್ಯ. 190 ಗ್ರಾಂ ಬ್ಯಾಟನ್ನು 170ಕ್ಕೆ ಇಳಿಸಿದರೆ ಆ ಕೀಲುಗಳ ಮೇಲಿನ ಹೊರೆ ತಗ್ಗುತ್ತದೆ, ಆಡುವ ವರ್ಷಗಳೂ ಹೆಚ್ಚುತ್ತವೆ. ಕಾರ್ಬನ್ ನಾರಿನ ಬ್ಲೇಡಿಗೆ ಹಗುರ ತೆಳು ರಬ್ಬರ್ ಹಾಕಿ ಹತೋಟಿ ಹುಡುಕುವುದು ಮಾತ್ರ ವ್ಯರ್ಥ. ಸ್ಪಾಂಜ್ ತೆಳುವಾದಷ್ಟೂ ಬ್ಲೇಡಿನ ಗುಣವೇ ಮೇಲಾಗಿ, ಗಟ್ಟಿ ಬ್ಲೇಡ್ ಚೆಂಡನ್ನು ಇನ್ನಷ್ಟು ಬೇಗ ದೂಡುತ್ತದೆ.

ಕೊಳ್ಳುವಾಗ ಹಾಳೆಯ ಮೇಲೆ ಒಕ್ಕೂಟದ ಗುರುತು, ತಯಾರಕರ ಹೆಸರು ಮತ್ತು ಸಂಖ್ಯೆ ಅಚ್ಚಾಗಿರಬೇಕು. ಅನುಮೋದಿತ ಪಟ್ಟಿಯಲ್ಲಿಲ್ಲದ ರಬ್ಬರನ್ನು ಅಧಿಕೃತ ಪಂದ್ಯದಲ್ಲಿ ಅಂಪೈರ್ ತಡೆಯುತ್ತಾರೆ. ಒಂದೇ ಹೆಸರಿನ, ಒಂದೇ ದಪ್ಪದ ಎರಡು ಹಾಳೆಗಳ ನಡುವೆಯೂ ಕೆಲವು ಗ್ರಾಂ ವ್ಯತ್ಯಾಸವಿರುತ್ತದೆ. ಮಾರುವಾಗ ಹಾಳೆ ಚೌಕಾಕಾರದಲ್ಲಿ, ಬದಿಗೆ ಸುಮಾರು 17 ಸೆಂ.ಮೀ. ಇರುತ್ತದೆ, ಬ್ಯಾಟಿನ ಆಕಾರಕ್ಕೆ ಕತ್ತರಿಸಿದ ಮೇಲೆ ಉಳಿಯುವುದು ಮೂರರಲ್ಲಿ ಎರಡು ಪಾಲು. 60 ಗ್ರಾಂ ಚೌಕ ಹಾಳೆ ಬ್ಯಾಟಿನ ಮೇಲೆ 40 ಗ್ರಾಂ, 72 ಗ್ರಾಂ ಹಾಳೆ 48 ಗ್ರಾಂ ಎಂಬ ಈ ಲೆಕ್ಕ ನೆನಪಿದ್ದರೆ ಅಂಗಡಿಯಲ್ಲೇ ತೂಕದ ಅಂದಾಜು ಸಿಗುತ್ತದೆ. ದೂರದ ಊರಿನಿಂದ ತರಿಸುವವರು ಹಾಳೆಯನ್ನು ತೂಗಿ ಕಳುಹಿಸಲು ಕೇಳಬಹುದು. ಬಂದ ಮೇಲೆ ಅಕ್ಕಸಾಲಿಗರ ತಕ್ಕಡಿಯಲ್ಲಿ ಪರೀಕ್ಷಿಸಿಕೊಳ್ಳಬಹುದು.

ಅಂಟಿಗೂ ತೂಕವಿದೆ. ನೀರಿನ ಮೂಲದ ಅಂಟನ್ನು ಸ್ಪಾಂಜಿಗೆ ಒಮ್ಮೆ, ಹಲಗೆಗೆ ಒಮ್ಮೆ ತೆಳ್ಳಗೆ ಹಚ್ಚಿ, ಬಿಳಿ ಬಣ್ಣ ಹೋಗಿ ಪೂರ್ತಿ ಪಾರದರ್ಶಕವಾಗುವವರೆಗೆ ಒಣಗಿಸಿ ಒತ್ತಿದರೆ ಸಾಕು. ಬೇಸಿಗೆಯ ಒಣ ಗಾಳಿಯಲ್ಲಿ ಇದು ಬೇಗ ಒಣಗುವುದರಿಂದ ನೆರಳಿನಲ್ಲಿ, ಒಂದೇ ಎಳೆತಕ್ಕೆ ಹಚ್ಚಿ ಮುಗಿಸಬೇಕು. ಹಳೆಯ ಅಂಟಿನ ಪೊರೆ ಕೀಳದೆ ಮೇಲೆ ಮೇಲೆ ಹಚ್ಚುತ್ತ ಹೋದರೆ ತೆಳು ಸ್ಪಾಂಜಿನಿಂದ ಉಳಿಸಿದ ಗ್ರಾಂಗಳು ಅಲ್ಲೇ ಮರಳಿ ಸೇರುತ್ತವೆ. ಪಂಕ್ಚರ್ ಅಂಗಡಿಯ ಸಲ್ಯೂಷನ್ ಸುಲಭವಾಗಿ ಸಿಗುತ್ತದೆಂದು ಬಳಸಬಾರದು. ಅದು ನಿಷಿದ್ಧ, ಮೇಲಾಗಿ ಸ್ಪಾಂಜನ್ನು ಉಬ್ಬಿಸಿ ಹತೋಟಿಯ ರಬ್ಬರನ್ನು ಚಿಮ್ಮುವ ರಬ್ಬರಾಗಿ ಮಾಡುತ್ತದೆ. ಅಂಚನ್ನು ಹಲಗೆಯ ಅಳತೆಗೆ ಸರಿಯಾಗಿ, ಹರಿತ ಚಾಕುವಿನಿಂದ ಕತ್ತರಿಸಬೇಕು. ಹೊರಗೆ ಚಾಚಿಕೊಂಡ ಅಂಚು ತೂಕ ಕೂಡಿಸುತ್ತದೆ, ಮೇಜಿಗೆ ತಾಗಿ ಹರಿಯುತ್ತದೆ.

ಆಟ ಮುಗಿದ ಮೇಲೆ ಮೇಲ್ಮೈಯನ್ನು ತುಸು ನೀರು ಹಚ್ಚಿದ ಮೆದು ಸ್ಪಾಂಜಿನಿಂದ ಒರೆಸಿ, ಒಣಗಿಸಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಚೀಲದಲ್ಲಿಡಬೇಕು. ತಗಡಿನ ಮಾಳಿಗೆಯ ಕೋಣೆಯಲ್ಲಿ, ಬಿಸಿಲಿಗೆ ನಿಂತ ಗಾಡಿಯಲ್ಲಿ ಬ್ಯಾಟ್ ಬಿಟ್ಟರೆ ಕೆಲವೇ ವಾರಗಳಲ್ಲಿ ಮೇಲ್ಪದರ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ವಾರಕ್ಕೆ ಮೂರು-ನಾಲ್ಕು ದಿನ ಆಡುವವರ ರಬ್ಬರ್ ಆರು ತಿಂಗಳಿಂದ ವರ್ಷದವರೆಗೆ ಬಾಳುತ್ತದೆ. ಬ್ಯಾಟನ್ನು ಮಲಗಿಸಿ ಚೆಂಡನ್ನು ಮೇಲ್ಮೈಗೆ ಒತ್ತಿ ಎಳೆದಾಗ ಅದು ಅಂಟಿಕೊಂಡಂತೆ ತಡೆಯದೆ ಸುಮ್ಮನೆ ಜಾರಿದರೆ, ನಡುಭಾಗ ಮಸುಕಾಗಿ ಅಂಚಿನ ಭಾಗ ಮಾತ್ರ ಹೊಳೆಯುತ್ತಿದ್ದರೆ, ಗುಬುಟುಗಳ ಬುಡದಲ್ಲಿ ಬಿರುಕು ಕಂಡರೆ ಹಾಳೆ ಬದಲಿಸುವ ಹೊತ್ತು. ಹೊಸದನ್ನು ಅಂಟಿಸುವ ಮುನ್ನ ಹಳೆಯ ಹಾಳೆಯನ್ನು ಮತ್ತು ಹಲಗೆಯನ್ನು ಬೇರೆ ಬೇರೆಯಾಗಿ ತೂಗಿ ಬರೆದಿಟ್ಟುಕೊಂಡರೆ, ಕೈಗೆ ಹೊಂದಿದ ತೂಕ ಯಾವುದೆಂದು ಮುಂದಿನ ಖರೀದಿಯ ಹೊತ್ತಿಗೆ ಗ್ರಾಂ ಲೆಕ್ಕದಲ್ಲೇ ಗೊತ್ತಿರುತ್ತದೆ.